ಪ್ರೊಸೆಸರ್ ತನ್ನ ವೇಗಕ್ಕೆ ಏರುತ್ತಿಲ್ಲವೇ? ಹಿಡಿದಿಟ್ಟಿರುವುದು ಏನೆಂದು ಹುಡುಕುವ ಬಗೆ

ಕೊಂಡಾಗ 3.4 ಗಿಗಾಹರ್ಟ್ಸ್ ಅಂತ ಓದಿದ್ದ ಪ್ರೊಸೆಸರ್ ಈಗ ಟಾಸ್ಕ್ ಮ್ಯಾನೇಜರ್‌ನಲ್ಲಿ 1.6 ತೋರಿಸುತ್ತದೆ. ಕೆಲವರಿಗೆ 0.79, ಇನ್ನು ಕೆಲವರಿಗೆ 0.39. ಆಗ ಹೆಚ್ಚಿನವರು ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ. ಅದರಿಂದಲೂ ಸರಿಹೋಗದಿದ್ದರೆ ಮಷೀನ್ ಹಳೆಯದಾಯಿತು ಅಂತ ಹೊಸದನ್ನು ಕೊಳ್ಳುತ್ತಾರೆ. ಈ ಎರಡಕ್ಕೂ ಮುಂಚೆ ಅರ್ಧ ಗಂಟೆ ಕೂತು ಅಳೆದು ನೋಡಿ. ವಯಸ್ಸಾಯಿತು ಅಂತ ಪ್ರೊಸೆಸರ್‌ನ ಗಡಿಯಾರ ನಿಧಾನವಾಗುವುದಿಲ್ಲ. ಅದರ ವೇಗ ಇಳಿದಿದೆ ಎಂದರೆ ಯಾವುದೋ ಒಂದು ಮಿತಿ ಅದನ್ನು ಹಿಡಿದಿಟ್ಟಿದೆ. ಅದು ಬಿಸಿ ಇರಬಹುದು, ವಾಟ್ ಮಿತಿ ಇರಬಹುದು, ಚಾರ್ಜರ್ ಇರಬಹುದು, ಸುಮ್ನೆ ಒಂದು ಸೆಟ್ಟಿಂಗ್ ಇರಬಹುದು. ಪ್ರತಿ ಮಿತಿಯೂ ವೇಗವನ್ನು ಇಳಿಸುವ ರೀತಿ ಬೇರೆ. ಎಷ್ಟಕ್ಕೆ ಇಳಿಯಿತು ಅನ್ನುವುದಕ್ಕಿಂತ ಹೇಗೆ ಇಳಿಯಿತು ಅನ್ನುವುದನ್ನು ನೋಡಿದರೆ ಕಾರಣ ಬೇಗ ಸಿಗುತ್ತದೆ.

ನಿಜವಾಗಿ ದೋಷ ಇದೆಯೇ?

ಕೆಲಸ ಇಲ್ಲದಾಗ ವೇಗ ಇಳಿಯುವುದು ದೋಷವಲ್ಲ. ವಿದ್ಯುತ್ತು ಉಳಿಸಲು ವೇಗ ಇಳಿಸುವ ಇಂಟೆಲ್‌ನ ಸ್ಪೀಡ್‌ಸ್ಟೆಪ್ ವ್ಯವಸ್ಥೆ 2000ದಲ್ಲಿ ಲ್ಯಾಪ್‌ಟಾಪ್ ಪೆಂಟಿಯಂ 3ರಲ್ಲಿ ಬಂತು. ಎಎಂಡಿಯ ಪ್ರೊಸೆಸರ್‌ಗಳಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಡೆಸ್ಕ್‌ಟಾಪ್ ಪರದೆ ನೋಡುತ್ತಾ ಕೂತಾಗ 800 ಮೆಗಾಹರ್ಟ್ಸ್ ಕಂಡರೆ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಅಂತಲೇ ಅರ್ಥ. ವೇಗವನ್ನು ಅಳೆಯಬೇಕಾದದ್ದು ಪೂರ್ತಿ ಕೆಲಸ ಕೊಟ್ಟಾಗ.

ಇನ್ನೊಂದು ಗೊಂದಲ ಬೇಸ್ ಮತ್ತು ಟರ್ಬೋ ವೇಗಗಳದ್ದು. 2017ರಲ್ಲಿ ಬಂದ ಕೋರ್ ಐ5-8250ಯು ತಗೊಳ್ಳಿ. ಬೇಸ್ 1.6, ಟರ್ಬೋ 3.4 ಗಿಗಾಹರ್ಟ್ಸ್. ತಯಾರಕರು 15 ವಾಟ್‌ನಲ್ಲಿ ಭಾರದ ಕೆಲಸಕ್ಕೂ ಭರವಸೆ ಕೊಡುವುದು 1.6ಕ್ಕೆ ಮಾತ್ರ. ಮೇಲಿನ 3.4 ಅನ್ನುವುದು ತಂಪು, ವಿದ್ಯುತ್ತು ಎರಡೂ ಸಾಕಷ್ಟಿದ್ದು, ಒಂದೆರಡು ಕೋರ್ (ಚಿಪ್‌ನ ಒಳಗೆ ಬೇರೆ ಬೇರೆಯಾಗಿ ದುಡಿಯುವ ಭಾಗ) ಮಾತ್ರ ದುಡಿಯುವಾಗ ಸಿಗುವ ವೇಗ. ನಾಲ್ಕೂ ಕೋರ್ ದುಡಿಯುವಾಗ 2.4 ಕಂಡರೆ ಅದು ಬೇಸ್‌ಗಿಂತ ಜಾಸ್ತಿಯೇ ಅಲ್ವಾ? ಡೆಸ್ಕ್‌ಟಾಪ್‌ನಲ್ಲೂ ಹೀಗೇ. ರೈಜನ್ 5 5600ಎಕ್ಸ್‌ನ ಬೇಸ್ 3.7, ಬೂಸ್ಟ್ 4.6.

ಹಾಗಾಗಿ ಒಂದು ಗೆರೆ ಎಳೆದುಕೊಳ್ಳಿ. ಪೂರ್ತಿ ಕೆಲಸ ಕೊಟ್ಟಾಗಲೂ ವೇಗ ಬೇಸ್‌ಗಿಂತ ಕೆಳಗಿದ್ದರೆ ಖಂಡಿತ ಹುಡುಕಬೇಕು. ಬೇಸ್‌ಗೂ ಟರ್ಬೋಗೂ ನಡುವೆ ಇದ್ದರೆ ಮೊದಲು ಅದೇ ಮಾಡೆಲ್ ಬಳಸುವ ಬೇರೆಯವರಿಗೆ ಎಷ್ಟು ಸಿಗುತ್ತಿದೆ ಅಂತ ನೋಡಿ. ಬೇಸ್‌ಗೆ ಸರಿಯಾಗಿ ಅಂಟಿಕೊಂಡು ಒಂದು ಹೆಜ್ಜೆಯೂ ಮೇಲೇರದಿದ್ದರೆ ಅದು ಬೇರೆಯೇ ಲಕ್ಷಣ. ಅದಕ್ಕೆ ಮುಂದೆ ಬರುತ್ತೇನೆ.

3.6ರ ಬದಲು 3.59 ಕಂಡರೆ ಬಿಟ್ಟುಬಿಡಿ. ಮದರ್‌ಬೋರ್ಡಿನ ಮೂಲ ಗಡಿಯಾರ 100ರ ಬದಲು 99.8 ಮೆಗಾಹರ್ಟ್ಸ್‌ನಲ್ಲಿ ಓಡಿದರೂ ಇಷ್ಟು ವ್ಯತ್ಯಾಸ ಬರುತ್ತದೆ. 2021ರ ನಂತರದ ಅನೇಕ ಇಂಟೆಲ್ ಚಿಪ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿವೆ. ಚಿಕ್ಕ ಕೋರ್‌ಗಳ ಗರಿಷ್ಠ ವೇಗವೇ ಕಡಿಮೆ. ಅವನ್ನು ನೋಡಿ ಗಾಬರಿಯಾಗಬೇಡಿ. ಹಳೆಯ ಮಷೀನ್ ಇಟ್ಟುಕೊಂಡವರಿಗೂ ಒಂದು ಮಾತು. ಅಥ್ಲಾನ್ ಎಕ್ಸ್‌ಪಿ 2000+ ಎಂಬ ಹೆಸರಿನ ಚಿಪ್‌ನ ನಿಜವಾದ ವೇಗ 1667 ಮೆಗಾಹರ್ಟ್ಸ್. ಅದು 1250 ತೋರಿಸುತ್ತಿದ್ದರೆ ಬಯಾಸ್‌ನಲ್ಲಿ (ಮಷೀನ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಸಾಫ್ಟ್‌ವೇರ್) ಬಸ್ ವೇಗ, ಅಂದರೆ ಮೂಲ ಗಡಿಯಾರ, 133ರ ಬದಲು 100ಕ್ಕೆ ಕೂತಿದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಬಯಾಸ್ ತನ್ನ ಸೆಟ್ಟಿಂಗ್ ಮರೆತಾಗ ಹೀಗಾಗುತ್ತಿತ್ತು.

ಅಳೆಯುವುದು

ಟಾಸ್ಕ್ ಮ್ಯಾನೇಜರ್ ಒಂದೇ ಅಂಕಿ ಕೊಡುತ್ತದೆ. ಅದು ಸಾಲದು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂ ಇನ್ಫೋ, ಲಿನಕ್ಸ್‌ನಲ್ಲಿ ಟರ್ಬೋಸ್ಟ್ಯಾಟ್ ಎಂಬ ಅಳತೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ. ನಾಲ್ಕು ಅಂಕಿಗಳು ಒಟ್ಟಿಗೆ ಕಣ್ಣ ಮುಂದೆ ಇರಬೇಕು: ಎಷ್ಟು ಕೆಲಸ ನಡೆಯುತ್ತಿದೆ, ಪ್ರತಿ ಕೋರ್‌ನ ವೇಗ, ಉಷ್ಣತೆ, ಇಡೀ ಚಿಪ್ ಎಳೆಯುತ್ತಿರುವ ವಾಟ್. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ದಾರಿ ತಪ್ಪುತ್ತದೆ. ಇಂಟೆಲ್ ಚಿಪ್ ಆದರೆ ವೇಗ ಇಳಿಯಲು ಕಾರಣವಾದ ಮಿತಿ ಯಾವುದು ಅಂತ ಹೌದು-ಇಲ್ಲ ರೂಪದಲ್ಲಿ ತೋರಿಸುವ ಸಾಲುಗಳೂ ಎಚ್‌ಡಬ್ಲ್ಯೂ ಇನ್ಫೋದಲ್ಲಿವೆ. ಥ್ರಾಟಲ್‌ಸ್ಟಾಪ್ ಎಂಬ ಸಣ್ಣ ಸಾಫ್ಟ್‌ವೇರ್‌ನಲ್ಲೂ ಇದೇ ಮಾಹಿತಿ ಲಿಮಿಟ್ ರೀಸನ್ಸ್ ಎಂಬ ಕಿಟಕಿಯಲ್ಲಿ ಸಿಗುತ್ತದೆ.

ಲ್ಯಾಪ್‌ಟಾಪ್ ಆದರೆ ಗಟ್ಟಿ ಮೇಜಿನ ಮೇಲಿಡಿ, ಚಾರ್ಜರ್ ಹಾಕಿ. ಸುಮ್ಮನಿರುವಾಗಿನ ಅಂಕಿಗಳನ್ನು ಬರೆದುಕೊಳ್ಳಿ. ಆಮೇಲೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್‌ನಂಥ ಪರೀಕ್ಷಾ ಸಾಫ್ಟ್‌ವೇರನ್ನು 10 ನಿಮಿಷ ಬಿಡದೆ ಓಡಿಸಿ. ಮೊದಲ ಒಂದು ನಿಮಿಷ ಕಣ್ಣು ತೆಗೆಯಬೇಡಿ. ಹೆಚ್ಚಿನ ಸುಳಿವು ಅಲ್ಲೇ ಇರುತ್ತದೆ. ಅದರ ಬದಲು ಪ್ರೈಮ್95 ಎಂಬ ಪರೀಕ್ಷಾ ಸಾಫ್ಟ್‌ವೇರ್ ಬಳಸುವುದಾದರೆ ಒಂದು ವಿಷಯ ನೆನಪಿರಲಿ. ಅದು ಬಳಸುವ ಎವಿಎಕ್ಸ್ ಎಂಬ ಭಾರದ ಲೆಕ್ಕಾಚಾರದ ಸೂಚನೆಗಳು ಜಾಸ್ತಿ ವಿದ್ಯುತ್ತು ಎಳೆಯುತ್ತವೆ, ಅದಕ್ಕೆ ತಕ್ಕಂತೆ ವೇಗವೂ ಕೆಳಗಿಳಿಯುತ್ತದೆ. ದಿನದ ಕೆಲಸದ ವೇಗವನ್ನು ಅದರಿಂದ ಅಳೆಯಬೇಡಿ.

ಎಚ್‌ಡಬ್ಲ್ಯೂ ಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಅಂತ ಇನ್ನೊಂದು ಸಾಲು ಇರುತ್ತದೆ. ಅದನ್ನು ಬಹಳ ಜನ ದಾಟಿ ಹೋಗುತ್ತಾರೆ. ಗಡಿಯಾರ ಎಷ್ಟು ಸಲ ನಿಜವಾಗಿ ಬಡಿಯಿತು ಅನ್ನುವ ಲೆಕ್ಕ ಅದು. ಪೂರ್ತಿ ಕೆಲಸ ಇದ್ದಾಗ ಮಾಮೂಲಿ ಸಾಲಿನಲ್ಲಿ 4.5, ಎಫೆಕ್ಟಿವ್‌ನಲ್ಲಿ 3.8 ಕಂಡರೆ ಚಿಪ್ ನಡುನಡುವೆ ಬಡಿತ ಬಿಡುತ್ತಿದೆ. ವೋಲ್ಟೇಜ್ ಅತಿಯಾಗಿ ಇಳಿಸಿದ ರೈಜನ್‌ಗಳಲ್ಲಿ ಇದು ಕಾಣುತ್ತದೆ. ವೇಗ ಸರಿಯಾಗಿದೆ, ಕೆಲಸ ಮಾತ್ರ ಸಾಗುತ್ತಿಲ್ಲ ಅನ್ನುವ ದೂರಿಗೆ ಕೆಲವೊಮ್ಮೆ ಕಾರಣ ಇದೇ.

ಕೆಲಸ ಶುರುವಾದಾಗಿನಿಂದಲೇ ಪಾತಾಳದಲ್ಲಿ

ವೇಗ 0.39 ಅಥವಾ 0.79ರ ಆಸುಪಾಸಿನಲ್ಲಿ ಕೂತಿದೆ. ಎಷ್ಟು ಕೆಲಸ ಕೊಟ್ಟರೂ ಅಲುಗುವುದಿಲ್ಲ. ಉಷ್ಣತೆ 45 ಡಿಗ್ರಿ. ಮೌಸ್ ಕೂಡ ತಡವರಿಸುತ್ತದೆ. ಇದನ್ನು ನೋಡಿದ ಕೂಡಲೇ ವೈರಸ್ ಅನ್ನುತ್ತಾರೆ. ಆದರೆ ಸುಮಾರು ಎಲ್ಲಾ ಸಲವೂ ಇದು ಪ್ರೊಸೆಸರ್‌ನ ಹೊರಗಿನಿಂದ ಬಂದ ಆಜ್ಞೆ.

ಇಂಟೆಲ್ ಚಿಪ್‌ಗಳಲ್ಲಿ ಪ್ರಾಕ್‌ಹಾಟ್ ಎಂಬ ಒಂದು ಸಂಕೇತದ ತಂತಿ ಇರುತ್ತದೆ. ಚಿಪ್ ಅತಿಯಾಗಿ ಕಾದಾಗ ಅದರ ಮೂಲಕ ಹೊರಗೆ ತಿಳಿಸುತ್ತದೆ. ಬಿಡಿ ಪ್ರಾಕ್‌ಹಾಟ್ (ಬಿಡಿ ಅಂದರೆ ಬೈ-ಡೈರೆಕ್ಷನಲ್, ಎರಡು ದಿಕ್ಕಿನ) ಎಂಬ ವ್ಯವಸ್ಥೆಯಲ್ಲಿ ಇದೇ ತಂತಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಮದರ್‌ಬೋರ್ಡಿನ ಬೇರೆ ಯಾವುದೇ ಭಾಗ ಆ ತಂತಿಯನ್ನು ಎಳೆದರೂ ಪ್ರೊಸೆಸರ್ ತನ್ನ ಅತಿ ಕಡಿಮೆ ವೇಗಕ್ಕೆ ಇಳಿಯುತ್ತದೆ, ತಾನು ತಣ್ಣಗಿದ್ದರೂ ಸಹ. ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಎಳೆಯುವವರಲ್ಲಿ ಮೊದಲ ಸ್ಥಾನ ಚಾರ್ಜರ್ ಪತ್ತೆ ಮಾಡುವ ಸರ್ಕ್ಯೂಟ್‌ಗೆ.

ಪರೀಕ್ಷೆ ಬಹಳ ಸುಲಭ. ಕೆಲಸ ಓಡುತ್ತಿರುವಾಗಲೇ ಚಾರ್ಜರ್ ಕಿತ್ತು ನೋಡಿ. ಬ್ಯಾಟರಿಗೆ ಬಂದ ಕ್ಷಣ ವೇಗ 0.39ರಿಂದ 2ರ ಮೇಲೆ ಹಾರಿದರೆ ದೋಷ ಚಾರ್ಜರ್‌ನಲ್ಲೋ ಅದರ ಸಾಕೆಟ್‌ನಲ್ಲೋ ಇದೆ. ಎಷ್ಟೋ ಲ್ಯಾಪ್‌ಟಾಪ್ ಚಾರ್ಜರ್‌ಗಳ ಪಿನ್ನಿನ ನಡುವೆ ಒಂದು ತೆಳ್ಳನೆಯ ಕಡ್ಡಿ ಇರುತ್ತದೆ, ನೋಡಿ. ವಿದ್ಯುತ್ತು ಬರುವುದು ಅದರಿಂದಲ್ಲ. ನಾನು ಇಷ್ಟು ವಾಟ್‌ನ ಚಾರ್ಜರ್ ಅಂತ ಲ್ಯಾಪ್‌ಟಾಪ್‌ಗೆ ಹೇಳುವ ಕಡ್ಡಿ ಅದು. ಪಿನ್ನಿನ ಕುತ್ತಿಗೆಯಲ್ಲಿ ವೈರು ಮಡಚಿ ಮಡಚಿ ಒಳಗಿನ ಸಣ್ಣ ತಂತಿ ಕಡಿದರೆ, ಅಥವಾ ಕಡ್ಡಿ ಬಗ್ಗಿದರೆ, ಗುರುತು ತಲುಪುವುದಿಲ್ಲ. ಆಗ ಲ್ಯಾಪ್‌ಟಾಪ್ ಚಾರ್ಜರನ್ನು ನಂಬದೆ ವೇಗವನ್ನು ಕಟ್ಟಿಹಾಕುತ್ತದೆ. ಬ್ಯಾಟರಿಯೂ ಚಾರ್ಜ್ ಆಗದಿರಬಹುದು. ಆನ್ ಮಾಡುವಾಗ ಅಡಾಪ್ಟರ್ ಗುರುತಾಗಿಲ್ಲ ಎಂಬ ಸಂದೇಶ ಬಂದು ಹೋಗುತ್ತದೆ. ಅದನ್ನು ಓದದೆ ಎಂಟರ್ ಒತ್ತುವ ಅಭ್ಯಾಸ ಇದ್ದರೆ ಈ ಸಲ ನಿಂತು ಓದಿ.

ಯುಎಸ್‌ಬಿ-ಸಿ ಚಾರ್ಜರ್ ಇದ್ದರೆ ಕೇಬಲ್ ಕಡೆಗೂ ಗಮನ ಕೊಡಿ. ಗುರುತಿನ ಚಿಪ್ ಇಲ್ಲದ ಮಾಮೂಲಿ ಕೇಬಲ್ 20 ವೋಲ್ಟ್, 3 ಆಂಪಿಯರ್‌ಗೆ, ಅಂದರೆ 60 ವಾಟ್‌ಗೆ ನಿಲ್ಲುತ್ತದೆ. 100 ವಾಟ್‌ನ ಚಾರ್ಜರ್ ಹಾಕಿದರೂ ಕೇಬಲ್ ಅಂಥದ್ದಾದರೆ ಸಿಗುವುದು 60 ಮಾತ್ರ. ಅದಕ್ಕಿಂತ ಜಾಸ್ತಿ ಬೇಡುವ ಮಷೀನ್ ಆಗ ವೇಗ ಕಡಿಮೆ ಮಾಡಿ ಹೊಂದಿಸಿಕೊಳ್ಳುತ್ತದೆ.

ಚಾರ್ಜರ್ ಬದಲಿಸಿದರೂ ಹಾಗೇ ಇದ್ದರೆ ಬ್ಯಾಟರಿ ನೋಡಿ. ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಎಳೆದಾಗ ಚಾರ್ಜರ್ ಜೊತೆ ಬ್ಯಾಟರಿಯೂ ಕೈಜೋಡಿಸುವಂತೆ ಕೆಲವು ಲ್ಯಾಪ್‌ಟಾಪ್‌ಗಳನ್ನು ಕಟ್ಟಿರುತ್ತಾರೆ. ಸತ್ತ ಬ್ಯಾಟರಿ ಇದ್ದರೆ, ಅಥವಾ ಬ್ಯಾಟರಿ ತೆಗೆದಿಟ್ಟು ನಡೆಸಿದರೆ, ಅವು ಪೂರ್ತಿ ವೇಗ ಬಿಡುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಬದಲಿಸಿ.

ಥ್ರಾಟಲ್‌ಸ್ಟಾಪ್‌ನಲ್ಲಿ ಬಿಡಿ ಪ್ರಾಕ್‌ಹಾಟ್ ಗುರುತನ್ನು ತೆಗೆದರೆ ವೇಗ ಕೂಡಲೇ ಮರಳುತ್ತದೆ ಅಂತ ಎಲ್ಲೆಡೆ ಸಲಹೆ ಕೊಡುತ್ತಾರೆ. ನಿಜ, ಮರಳುತ್ತದೆ. ಪರೀಕ್ಷೆಗೆ ಅದು ಒಳ್ಳೆಯದು. ಗುರುತು ತೆಗೆದ ಕೂಡಲೇ ವೇಗ ಬಂದರೆ ಆಜ್ಞೆ ಹೊರಗಿನಿಂದಲೇ ಬರುತ್ತಿದೆ ಅಂತ ಖಚಿತವಾಯಿತು. ಆದರೆ ಅದನ್ನೇ ಪರಿಹಾರ ಅಂತ ಬಿಟ್ಟುಬಿಡಬೇಡಿ. ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ಸರಿ. ಅದಕ್ಕೆ ವಿದ್ಯುತ್ತು ಕೊಡುವ ಭಾಗಗಳು ಕಾದಾಗ ಕೂಗಲು ಇದ್ದ ದಾರಿ ಮಾತ್ರ ಮುಚ್ಚಿಹೋಗುತ್ತದೆ. ನಿಜವಾದ ಕಾರಣ ಸಿಗುವವರೆಗೆ ಮಾತ್ರ ಬಳಸಿ.

ಬೇಸ್‌ಗೆ ಅಂಟಿಕೊಂಡಿದೆ

ಬೇಸ್ ವೇಗಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ, ಉಷ್ಣತೆಯೂ ಕಡಿಮೆ, ವಾಟ್ ಕೂಡ ಕಡಿಮೆ. ಇದು ಟರ್ಬೋ ಆಫ್ ಆಗಿರುವ ಲಕ್ಷಣ. ಸ್ಕ್ರೂ ಡ್ರೈವರ್ ಬೇಕಾಗಿಲ್ಲ.

ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ನೋಡಿ. ಅಲ್ಲಿ 100ರ ಬದಲು 99 ಇದ್ದರೂ ಟರ್ಬೋ ಪೂರ್ತಿ ನಿಲ್ಲುತ್ತದೆ. ಒಂದು ಅಂಕಿಯ ವ್ಯತ್ಯಾಸಕ್ಕೆ 3.4 ಹೋಗಿ 1.6 ಆಗುತ್ತದೆ! ಬ್ಯಾಟರಿಗೂ ಚಾರ್ಜರ್‌ಗೂ ಬೇರೆ ಬೇರೆ ಸಾಲುಗಳಿವೆ, ಎರಡನ್ನೂ ನೋಡಿ. ಲ್ಯಾಪ್‌ಟಾಪ್ ತಯಾರಕರ ಸ್ವಂತ ಆ್ಯಪ್‌ನಲ್ಲಿ ಸೈಲೆಂಟ್ ಮೋಡ್ ಹಾಕಿದ್ದರೂ ಹೀಗಾಗಬಹುದು. ಲಿನಕ್ಸ್‌ನಲ್ಲಿ ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನ ನೋ-ಟರ್ಬೋ ಕಡತದಲ್ಲಿ 1 ಇದ್ದರೆ ಅದನ್ನು 0 ಮಾಡಿ. ಅಲ್ಲಿ ವೇಗ ನಿರ್ಧರಿಸುವ ಗವರ್ನರ್ ಎಂಬ ಸೆಟ್ಟಿಂಗ್‌ನ ಹೆಸರು ಪವರ್‌ಸೇವ್ ಅಂತ ಕಂಡು ಹೆದರುವವರಿದ್ದಾರೆ. ಈ ಡ್ರೈವರ್‌ನ ಮಾಮೂಲಿ ವಿಧಾನದಲ್ಲಿ ಪವರ್‌ಸೇವ್ ಇದ್ದರೂ ಕೆಲಸ ಬಂದಾಗ ವೇಗ ಟರ್ಬೋವರೆಗೆ ಏರುತ್ತದೆ.

ಬಯಾಸ್‌ನಲ್ಲಿ ಟರ್ಬೋ ಆನ್ ಇದೆಯೇ ನೋಡುವಾಗ ಸಿ-ಸ್ಟೇಟ್‌ಗಳನ್ನೂ (ಕೆಲಸ ಇಲ್ಲದಾಗ ಕೋರ್‌ಗಳು ಮಲಗುವ ಸ್ಥಿತಿಗಳು) ನೋಡಿ. ವೇಗ ಹೆಚ್ಚಲಿ ಅಂತ ಅವನ್ನು ಆಫ್ ಮಾಡುವವರು ಬಹಳ. ಆದರೆ ಅನೇಕ ಇಂಟೆಲ್ ಚಿಪ್‌ಗಳಲ್ಲಿ ಒಂದು ಕೋರ್ ಅತಿ ಮೇಲಿನ ಟರ್ಬೋಗೆ ಏರಬೇಕಾದರೆ ಉಳಿದ ಕೋರ್‌ಗಳು ಮಲಗಿರಬೇಕು. ಮಲಗುವ ದಾರಿಯನ್ನೇ ಮುಚ್ಚಿದರೆ ಆ ಮೇಲಿನ ಒಂದೆರಡು ಹೆಜ್ಜೆ ಸಿಗುವುದೇ ಇಲ್ಲ.

ವಿಂಡೋಸ್ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪ್ರೊಸೆಸರ್-ಪವರ್ ಹೆಸರಿನಲ್ಲಿ 37ನೇ ಸಂಖ್ಯೆಯ ಎಚ್ಚರಿಕೆ ಇದ್ದರೆ, ವೇಗವನ್ನು ಹಿಡಿದಿರುವುದು ಫರ್ಮ್‌ವೇರ್, ಅಂದರೆ ಬಯಾಸ್‌ನಂಥ ಮಷೀನ್‌ನ ಒಳಗಿನ ಸಾಫ್ಟ್‌ವೇರ್, ಅಂತ ವಿಂಡೋಸ್ ತಾನೇ ಹೇಳುತ್ತಿದೆ. ಆಗ ವಿಂಡೋಸ್ ಮತ್ತೆ ಹಾಕುವುದು ವ್ಯರ್ಥ. ಬಯಾಸ್, ಚಾರ್ಜರ್, ಬಿಸಿ ಈ ಮೂರರ ಕಡೆ ತಿರುಗಿ.

ಮೊದಲ ಅರ್ಧ ನಿಮಿಷ ಚೆನ್ನಾಗಿ, ಆಮೇಲೆ ಇಳಿತ

ಕೆಲಸ ಶುರುವಾದಾಗ 3ರ ಮೇಲೆ ಏರುತ್ತದೆ. ಸುಮಾರು 28 ಸೆಕೆಂಡ್ ಕಳೆದ ಮೇಲೆ 2.4ಕ್ಕೆ ಬಂದು ಅಲ್ಲೇ ನೆಲೆಸುತ್ತದೆ. ಆ ಹೊತ್ತಿಗೆ ವಾಟ್ ಅಂಕಿ ನೋಡಿ. ಸರಿಯಾಗಿ 15.0ರಲ್ಲಿ ಗೆರೆ ಎಳೆದ ಹಾಗೆ ನಿಂತಿದೆ. ಉಷ್ಣತೆಯೋ, ಏರುವ ಬದಲು 90ರಿಂದ 70ಕ್ಕೆ ಇಳಿದಿದೆ. ಬಿಸಿಯೇ ಕಾರಣವಾಗಿದ್ದರೆ ಉಷ್ಣತೆ ಮೇಲೆಯೇ ಅಂಟಿಕೊಂಡಿರಬೇಕಿತ್ತು. ಇದು ವಾಟ್ ಮಿತಿ.

ಇಂಟೆಲ್‌ನಲ್ಲಿ ಪಿಎಲ್1 ಎಂದರೆ ಬಹಳ ಹೊತ್ತು ಎಳೆಯಬಹುದಾದ ವಾಟ್, ಪಿಎಲ್2 ಎಂದರೆ ಸ್ವಲ್ಪ ಹೊತ್ತಿಗೆ ಸಿಗುವ ಜಾಸ್ತಿ ವಾಟ್. ಆ ಸ್ವಲ್ಪ ಹೊತ್ತು ಎಷ್ಟು ಅನ್ನುವುದನ್ನು ಟಾವ್ ಎಂಬ ಇನ್ನೊಂದು ಅಂಕಿ ಹೇಳುತ್ತದೆ. ರೈಜನ್‌ನಲ್ಲಿ ಪಿಪಿಟಿ, ಟಿಡಿಸಿ, ಇಡಿಸಿ ಎಂಬ ವಾಟ್ ಮತ್ತು ಕರೆಂಟಿನ ಮಿತಿಗಳಿವೆ. ತೆಳ್ಳನೆಯ ಲ್ಯಾಪ್‌ಟಾಪ್‌ನಲ್ಲಿ ಇದು ತಯಾರಕರು ಬೇಕೆಂದೇ ಇಟ್ಟ ಮಿತಿ. ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಕೆಲವು ಮಷೀನ್‌ಗಳಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿದರೆ ಪಿಎಲ್1 ಸ್ವಲ್ಪ ಏರುತ್ತದೆ. ವೋಲ್ಟೇಜ್ ಇಳಿಸಿ ಅದೇ ವಾಟ್‌ನಲ್ಲಿ ಜಾಸ್ತಿ ವೇಗ ಪಡೆಯುವ ದಾರಿಯೂ ಇತ್ತು. ಆದರೆ 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಬಹಳಷ್ಟು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಆ ಬಾಗಿಲು ಮುಚ್ಚಿದರು.

ಬಿಸಿ

ಉಷ್ಣತೆ ಮೇಲೇರಿ ಒಂದು ಅಂಕಿಗೆ ಅಂಟಿಕೊಳ್ಳುತ್ತದೆ, ವೇಗ ಮೇಲೆ ಕೆಳಗೆ ಕುಣಿಯುತ್ತದೆ. ಇಂಟೆಲ್‌ನ ಹೆಚ್ಚಿನ ಚಿಪ್‌ಗಳಲ್ಲಿ ಆ ಅಂಕಿ 100 ಡಿಗ್ರಿ. ರೈಜನ್ 7000 ಸರಣಿಯ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ 95. ಈ ಸರಣಿಯ ದೊಡ್ಡ ಚಿಪ್‌ಗಳು ಭಾರದ ಕೆಲಸದಲ್ಲಿ 95 ಮುಟ್ಟುವಂತೆಯೇ ಮಾಡಿವೆ. ಹಾಗಾಗಿ 95 ಕಂಡ ಮಾತ್ರಕ್ಕೆ ಕೂಲರ್ ಬದಲಿಸಬೇಡಿ, ವೇಗ ಬೇಸ್‌ಗಿಂತ ಕೆಳಗೆ ಹೋಗುತ್ತಿದೆಯೇ ನೋಡಿ.

ಬಿಸಿ ಎಷ್ಟು ಬೇಗ ಏರಿತು ಅನ್ನುವುದರಲ್ಲೇ ಕಾರಣ ಅರ್ಧ ತಿಳಿಯುತ್ತದೆ. ಕೆಲಸ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ 40ರಿಂದ 95ಕ್ಕೆ ಹಾರಿದರೆ, ಕೆಲಸ ನಿಲ್ಲಿಸಿದ ಕೂಡಲೇ ಅಷ್ಟೇ ಬೇಗ ಬಿದ್ದರೆ, ಚಿಪ್‌ನ ಬಿಸಿ ಕೂಲರ್‌ಗೆ ದಾಟುತ್ತಿಲ್ಲ. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದೆ, ಕೂಲರ್‌ನ ಒಂದು ಮೂಲೆ ಕೂತಿಲ್ಲ, ಅಥವಾ ಹೊಸ ಕೂಲರ್‌ನ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದೇ ಇಲ್ಲ. ಒಂದು ಕೋರ್ ಮಾತ್ರ ಉಳಿದವಕ್ಕಿಂತ 20 ಡಿಗ್ರಿ ಜಾಸ್ತಿ ಇದ್ದರೂ ಪೇಸ್ಟ್ ಸಮವಾಗಿ ಹರಡಿಲ್ಲ ಅನ್ನುವ ಅನುಮಾನ ಪಡಿ. ಅದೇ, ನಿಮಿಷಗಳ ಲೆಕ್ಕದಲ್ಲಿ ನಿಧಾನವಾಗಿ ಏರಿದರೆ ಕೂಲರ್‌ಗೆ ಬಂದ ಬಿಸಿ ಹೊರಗೆ ಹೋಗುತ್ತಿಲ್ಲ. ದೂಳು, ಫ್ಯಾನ್, ಗಾಳಿಯ ದಾರಿ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ದೂಳು ಕೂರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಫ್ಯಾನ್ ರೆಕ್ಕೆಗಳು ಸ್ವಚ್ಛವಾಗಿಯೇ ಕಾಣುತ್ತವೆ. ಫ್ಯಾನ್ ಬಿಚ್ಚಿ ತೆಗೆದರೆ, ಅದರ ಗಾಳಿ ತಾಮ್ರದ ಪಟ್ಟಿಗಳಿಗೆ ಬಡಿಯುವ ಒಳಬದಿಯಲ್ಲಿ ದೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೆ ಬಿದ್ದು ಮತ್ತೆ ಅಲ್ಲೇ ಬಂದು ಕೂರುತ್ತದೆ. ಬಿಚ್ಚುವ ಮುಂಚೆ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಸದು ಸ್ವಲ್ಪವೇ ಸಾಕು. ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಗಿಯಬೇಡಿ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಲ್ಯಾಪ್‌ಟಾಪ್ ಕೂಲರ್ ಮೇಲೆ ಸ್ಕ್ರೂ ಪಕ್ಕದಲ್ಲೇ 1, 2, 3, 4 ಅಂತ ಕೆತ್ತಿದ್ದರೆ ಆ ಕ್ರಮವನ್ನೇ ಹಿಡಿಯಿರಿ. ನೀರಿನ ಕೂಲರ್ ಇದ್ದವರು ಪಂಪ್ ತಿರುಗುತ್ತಿದೆಯೇ ಅಂತ ಬಯಾಸ್‌ನಲ್ಲಿ ನೋಡಿ. ಫ್ಯಾನ್‌ಗಳು ತಿರುಗುತ್ತಿವೆ ಅಂದರೆ ಪಂಪ್ ಕೂಡ ತಿರುಗುತ್ತಿದೆ ಅಂತ ಅರ್ಥವಲ್ಲ.

ಪ್ರೊಸೆಸರ್ ತಣ್ಣಗಿದೆ, ಆದರೂ ಆಗಾಗ ಕುಸಿತ

ಇದು ಡೆಸ್ಕ್‌ಟಾಪ್‌ಗಳಲ್ಲಿ ಜಾಸ್ತಿ. ಕೆಲವು ನಿಮಿಷ ಚೆನ್ನಾಗಿ ಓಡಿ, ಒಮ್ಮೆಲೇ 0.8ಕ್ಕೆ ಬಿದ್ದು, ಕೆಲವು ಸೆಕೆಂಡಿನಲ್ಲಿ ಮೇಲೆದ್ದು, ಮತ್ತೆ ಬೀಳುತ್ತದೆ. ಪ್ರೊಸೆಸರ್ 65 ಡಿಗ್ರಿ ದಾಟಿಲ್ಲ. ಇಲ್ಲಿ ಬಿಸಿಯಾಗುತ್ತಿರುವುದು ಪ್ರೊಸೆಸರ್‌ಗೆ ವಿದ್ಯುತ್ತು ಹದಮಾಡಿ ಕೊಡುವ ವಿಆರ್‌ಎಂ ಎಂಬ ಭಾಗ. ಹೀಟ್‌ಸಿಂಕ್ ಇಲ್ಲದ ಸಣ್ಣ ಬೋರ್ಡಿನ ಮೇಲೆ ದೊಡ್ಡ ಪ್ರೊಸೆಸರ್ ಹಾಕಿದಾಗ ಹೀಗಾಗುತ್ತದೆ. ನೀರಿನ ಕೂಲರ್ ಹಾಕಿದ ಮೇಲೆ ಈ ತೊಂದರೆ ಶುರುವಾಯಿತು ಅನ್ನುವವರ ಮಾತಿನಲ್ಲೂ ಹುರುಳಿದೆ. ಮೇಲಿನಿಂದ ಕೆಳಕ್ಕೆ ಊದುವ ಹಳೆಯ ಕೂಲರ್‌ನ ಗಾಳಿ ವಿಆರ್‌ಎಂಗೂ ತಾಗುತ್ತಿತ್ತು. ಈಗ ಆ ಗಾಳಿ ಇಲ್ಲ. ಕೇಸ್ ತೆರೆದು ಒಂದು ಫ್ಯಾನನ್ನು ಆ ಕಡೆಗೆ ತಿರುಗಿಸಿಡಿ. ಕುಸಿತ ನಿಂತರೆ ದೋಷ ಸಿಕ್ಕಿತು. ಅಲ್ಲಿಗೊಂದು ಫ್ಯಾನ್ ಕಾಯಂ ಆಗಿ ಕೂರಿಸಿ, ಇಲ್ಲವೇ ಬಯಾಸ್‌ನಲ್ಲಿ ವಾಟ್ ಮಿತಿ ಇಳಿಸಿ.

ಎಲ್ಲಾ ನೋಡಿದ ಮೇಲೂ

ವೇಗ ಸರಿಯಾಗಿದೆ, ಮಷೀನ್ ಮಾತ್ರ ನಿಧಾನ ಅನ್ನುವುದಾದರೆ ಡಿಸ್ಕ್ ಮತ್ತು ರ್‍ಯಾಮ್ ಕಡೆ ನೋಡಿ. ಅದು ಬೇರೆ ದಾರಿ.

ವೇಗವೇ ಕಡಿಮೆ ಇದ್ದು ಕಾರಣ ಸಿಗದಿದ್ದರೆ ಮಷೀನ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪ್‌ನ ಒಳಗಿನ ಪುಟ್ಟ ನಿಯಂತ್ರಕ ಚಿಪ್ ತಪ್ಪು ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಸರಿಹೋಗುವುದುಂಟು. ಆಮೇಲೆ ಬಯಾಸ್‌ನ ಮೂಲ ಸೆಟ್ಟಿಂಗ್‌ಗಳಿಗೆ ಮರಳಿ, ಹೊಸ ಆವೃತ್ತಿ ಇದ್ದರೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಅದೇ ಕೆಲಸವನ್ನು ಅದೇ 10 ನಿಮಿಷ ಓಡಿಸಿ ಹೋಲಿಸಿ.

ಸರಿಯಾದ ಚಾರ್ಜರ್, ಒಳ್ಳೆಯ ಬ್ಯಾಟರಿ, ತಣ್ಣನೆಯ ಚಿಪ್ ಎಲ್ಲಾ ಇದ್ದೂ ಬಿಡಿ ಪ್ರಾಕ್‌ಹಾಟ್ ಹೌದು ಅಂತಲೇ ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ಯಾವುದೋ ಸೆನ್ಸರ್ ಅಥವಾ ಸರ್ಕ್ಯೂಟ್ ಕೆಟ್ಟಿದೆ. ಮನೆಯಲ್ಲಿ ಆಗುವ ಕೆಲಸ ಅದಲ್ಲ. ರಿಪೇರಿಗೆ ಕೊಡುವಾಗ ಮಷೀನ್ ಸ್ಲೋ ಅಂತ ಮಾತ್ರ ಹೇಳಬೇಡಿ. ಚಾರ್ಜರ್ ಇದ್ದಾಗ ಎಷ್ಟು ವೇಗ, ಇಲ್ಲದಾಗ ಎಷ್ಟು, ಉಷ್ಣತೆ ಎಷ್ಟು, ಯಾವ ಮಿತಿ ಹೌದು ಅಂತ ತೋರಿಸಿತು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ. ಹಾಗೆ ಬರೆದುಕೊಟ್ಟರೆ ಅವರು ವಿಂಡೋಸ್ ಹಾಕಲು ಹೋಗದೆ ನೇರವಾಗಿ ಆ ತಂತಿಯ ಮೇಲೆ ಮೀಟರ್ ಇಡುತ್ತಾರೆ.